ಚಹಾದಲ್ಲಿ ಉಳಿಯಬೇಕಾದ ಕಹಿ

ಒಂದೇ ಸೂರಿನಡಿ ಹಲವು ತಿನಿಸು ಮಳಿಗೆಗಳಿರುವ ಸಿಂಗಪುರದ ಹಾಕರ್ ಸೆಂಟರುಗಳಲ್ಲಿ ಹಕ್ಕಾ ಅಡುಗೆಯ ಮಳಿಗೆ ಕಂಡರೆ ನಾನು ಮೊದಲು ಕೇಳುವುದು ಲೇ ಚಾ, ಅಂದರೆ ಸೊಪ್ಪು ಅರೆದ ಚಹಾದೊಂದಿಗೆ ಕೊಡುವ ಅನ್ನ. ಅನ್ನದ ಮೇಲೆ ಹರಡಿದ ಪಲ್ಯಗಳು ಎಷ್ಟೇ ರುಚಿಯಾಗಿರಲಿ, ಜೊತೆಗೆ ಬಂದ ಹಸಿರು ಚಹಾ ನೀರುನೀರಾಗಿ ಸಪ್ಪೆಯಾಗಿದ್ದರೆ ಆ ಮಳಿಗೆ ಸೋತಂತೆಯೇ. ಹೀಗೆ ಸೋತ ಮಳಿಗೆಗಳೇ ಈಗ ಹೆಚ್ಚು.

ನಮ್ಮ ಊರುಗಳಲ್ಲಿ ಹಕ್ಕಾ ಎಂದರೆ ಗೋಬಿ ಮಂಚೂರಿ ಗಾಡಿಯಲ್ಲಿ ಸಿಗುವ ನೂಡಲ್ಸ್. ಕೋಲ್ಕತ್ತದ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡಿಕೊಂಡು ಬದುಕಿದ ಹಕ್ಕಾ ಚೀನೀಯರಿಂದ ಬಂದ ಹೆಸರು ಅದು. ರುಚಿ ಮಾತ್ರ ಪೂರ್ತಿ ಭಾರತದ್ದು. ಸಿಂಗಪುರದ ಹಕ್ಕಾ ಊಟಕ್ಕೂ ಅದಕ್ಕೂ ಸಂಬಂಧವೇ ಕಾಣದು. ಉತ್ತರ ಚೀನಾದಿಂದ ತಲೆಮಾರುಗಳ ಕಾಲ ದಕ್ಷಿಣಕ್ಕೆ ಸರಿಯುತ್ತ ಬಂದು, ಗ್ವಾಂಗ್‌ಡಾಂಗ್, ಫೂಜಿಯಾನ್‌ಗಳ ಗುಡ್ಡಗಾಡಿನಲ್ಲಿ ನೆಲೆ ನಿಂತ ಜನ ಹಕ್ಕಾಗಳು. ಮೈಮುರಿದು ದುಡಿಯುವವರಿಗೆ ಬೇಕಾದ ಉಪ್ಪು, ಒಣಗಿಸಿಟ್ಟ ಸೊಪ್ಪು, ಹೊಟ್ಟೆ ತುಂಬಿಸುವ ಗೆಡ್ಡೆ, ಕೊಬ್ಬಿನ ಹಂದಿಮಾಂಸ ಇವೆಲ್ಲ ಅವರ ಅಡುಗೆಯ ಮೈಕಟ್ಟು.

ಲೇ ಚಾ ಮಾತ್ರ ಈ ಭಾರದ ನಡುವೆ ಬೇರೆಯಾಗಿ ನಿಲ್ಲುತ್ತದೆ. ಸಿಂಗಪುರ, ಮಲೇಷ್ಯಾಗಳಲ್ಲಿ ಅನ್ನದೊಂದಿಗೆ ಕೊಡುವ ಬಗೆಯನ್ನು ಹೆಚ್ಚಾಗಿ ಗ್ವಾಂಗ್‌ಡಾಂಗ್‌ನ ಹೆಪೊ ಕಡೆಯ ಹಕ್ಕಾಗಳದ್ದೆಂದು ಗುರುತಿಸುತ್ತಾರೆ. ಒಳಮೈಯಲ್ಲಿ ಗೀರುಗಳಿರುವ ಮಣ್ಣಿನ ಬಟ್ಟಲಿಗೆ ಚಹಾ ಎಲೆ, ಕಾಮಕಸ್ತೂರಿ, ಪುದೀನ, ಮಾಚಿಪತ್ರೆಯಂಥ ಸೊಪ್ಪು, ಹುರಿದ ಎಳ್ಳು, ಕಡಲೆಕಾಯಿ ಬೀಜ ಹಾಕಿ, ಸೀಬೆ ಮರದ ಉದ್ದ ಕೋಲಿನಿಂದ ಸುತ್ತುತ್ತ ಅರೆಯಬೇಕು. ಎಳ್ಳು, ಬೀಜ ಎಣ್ಣೆ ಬಿಟ್ಟು ಸೊಪ್ಪನ್ನು ಹಿಡಿದುಕೊಳ್ಳುವವರೆಗೆ ಕೈ ನಿಲ್ಲಬಾರದು. ಆಮೇಲೆ ಕುದಿನೀರು. ಸಣ್ಣಗೆ ಹೆಚ್ಚಿ ಬಾಡಿಸಿದ ಅಲಸಂದೆಕಾಯಿ, ಸೊಪ್ಪು, ಉಪ್ಪಿನಲ್ಲಿ ಹಾಕಿಟ್ಟ ಮೂಲಂಗಿ, ತೋಫು, ಹುರಿದ ಕಡಲೆಕಾಯಿ, ಒಣ ನೆತ್ತೋಲಿ ಅನ್ನದ ಮೇಲೆ ಕೂತಿರುತ್ತವೆ. ಚಹಾವನ್ನು ಅದರ ಮೇಲೆ ಸುರಿದು ಕಲಸಿ ತಿನ್ನುವುದು.

ಮೊದಲ ತುತ್ತು ಕಹಿ. ಹಿಂದೆಯೇ ಮೂಲಂಗಿಯ ಉಪ್ಪು, ಎಳ್ಳಿನ ಘಮ, ಕೊನೆಗೆ ಪುದೀನದ ತಂಪು. ಮಲೆನಾಡಿನ ತಂಬುಳಿ ಉಂಡವರಿಗೆ ಹಸಿ ಸೊಪ್ಪಿನ ಈ ವಾಸನೆ ಹೊಸದೆನಿಸದು. ಆ ಕಹಿ ಇದ್ದರೆ ಮಾತ್ರ ಉಪ್ಪಿಗೂ ಎಣ್ಣೆಗೂ ಕೆಲಸ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ತರಕಾರಿ ಅನ್ನ ಮತ್ತು ಹಸಿರು ಬಣ್ಣದ ಬಿಸಿನೀರು.

ಮಳಿಗೆಗಳಲ್ಲಿ ಆಗುತ್ತಿರುವುದು ಇದೇ. ಬ್ಲೆಂಡರಿನ ಮೇಲೆ ನನ್ನ ಆಕ್ಷೇಪವಿಲ್ಲ. ಮಧ್ಯಾಹ್ನದ ಸಾಲಿನಲ್ಲಿ ನಿಂತ ಅಷ್ಟೂ ಜನರಿಗೆ ಕೈಯಲ್ಲಿ ಅರೆದು ಕೊಡಿ ಎಂದು ಕೇಳುವುದು ಕ್ರೌರ್ಯ. ಯಂತ್ರ ಬಳಸಿಯೂ ಗಟ್ಟಿಯಾದ, ಕಹಿಯಾದ ಚಹಾ ಮಾಡುವವರಿದ್ದಾರೆ. ನನ್ನ ತಕರಾರು ಸೊಪ್ಪು ಕಡಿಮೆ ಮಾಡಿ ನೀರು ಹೆಚ್ಚಿಸುವುದರ ಬಗ್ಗೆ, ಮಾಚಿಪತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದರ ಬಗ್ಗೆ. ಲೇ ಚಾಗೆ ಈಗ ‘ಆರೋಗ್ಯದ ಊಟ’ ಎಂಬ ಹಣೆಪಟ್ಟಿ ಬಿದ್ದಿದೆ. ಕಂದು ಅಕ್ಕಿಯ ಅನ್ನ ಬೇಕೇ ಎಂದು ಕೇಳುತ್ತಾರೆ. ಚಹಾ ಎಷ್ಟು ಗಟ್ಟಿ ಬೇಕೆಂದು ಕೇಳುವವರು ಅಪರೂಪ. ಎಷ್ಟೋ ಗಿರಾಕಿಗಳು ಅನ್ನ ತಿಂದು ಚಹಾವನ್ನು ಹಾಗೇ ಬಿಟ್ಟು ಏಳುತ್ತಾರೆ.

ಇನ್ನೊಂದು ಹಕ್ಕಾ ತಿನಿಸಾದ ಯೋಂಗ್ ತೌ ಫೂ ತನ್ನ ಮೂಲದಿಂದ ಇನ್ನೂ ದೂರ ಹೋಗಿದೆ. ತೋಫುವಿನ ಒಡಲು ಬಗೆದು, ಉಪ್ಪುಮೀನು ಬೆರೆಸಿದ ಹಂದಿ ಖೀಮಾ ತುಂಬಿ ಬೇಯಿಸುವುದು ಅದರ ಮೂಲ ರೂಪ. ಇಂದು ಬಹುತೇಕ ಕಡೆ ಮೀನಿನ ಉಂಡೆ, ಬೆಂಡೆಕಾಯಿ, ಸಾಸೇಜುಗಳನ್ನು ನಾವೇ ಬಟ್ಟಲಿಗೆ ಆರಿಸಿಕೊಟ್ಟು, ತಿಳಿಸಾರಿನಲ್ಲಿ ಬೇಯಿಸಿಕೊಂಡು, ಸಿಹಿ ಸಾಸಿನಲ್ಲಿ ಅದ್ದಿ ತಿನ್ನುತ್ತೇವೆ. ಊಟವಾಗಿ ಚೆನ್ನಾಗಿದೆ, ಹಕ್ಕಾ ಅಡುಗೆಯಾಗಿ ಅದರಲ್ಲಿ ಹೆಚ್ಚೇನೂ ಉಳಿದಿಲ್ಲ.

ಮಳಿಗೆಯ ಬದುಕಿಗೆ ಸೊಗಸಾಗಿ ಹೊಂದಿಕೊಂಡದ್ದು ಸುವಾನ್ ಪಾನ್ ಜಿ, ಅಂದರೆ ಅಬ್ಯಾಕಸ್ ಮಣಿಗಳು. ಬೇಯಿಸಿದ ಕೆಸುವಿನ ಗೆಡ್ಡೆಗೆ ಮರಗೆಣಸಿನ ಹಿಟ್ಟು ಸೇರಿಸಿ ನಾದಿ, ಉಂಡೆಯ ನಡುವೆ ಬೆರಳೊತ್ತಿ ಗುಳಿ ಮಾಡುತ್ತಾರೆ. ಬೆಳಿಗ್ಗೆಯೇ ಮಾಡಿ ಕುದಿಸಿಟ್ಟುಕೊಂಡು, ಗಿರಾಕಿ ಬಂದಾಗ ಒಣ ಸಿಗಡಿ, ಅಣಬೆ, ಖೀಮಾ ಜೊತೆ ಬಾಣಲೆಯಲ್ಲಿ ಬಾಡಿಸಿದರಾಯಿತು. ಒಗ್ಗರಣೆ ಗುಳಿಯಲ್ಲಿ ನಿಲ್ಲುತ್ತದೆ, ಮಣಿ ಹಲ್ಲಿಗೆ ಜಗ್ಗುತ್ತದೆ. ಹಬ್ಬದಲ್ಲಿ ಸಂಪತ್ತಿನ ಹಾರೈಕೆಯಾಗಿ ಮಾಡುತ್ತಿದ್ದ ತಿನಿಸು ವಾರದ ದಿನದಲ್ಲೂ ತನ್ನತನ ಬಿಟ್ಟುಕೊಟ್ಟಿಲ್ಲ.

ಬೀದಿಬದಿ ವ್ಯಾಪಾರಿಗಳನ್ನು ಸಿಂಗಪುರ 1971ರಿಂದ 1986ರ ನಡುವೆ ನಲ್ಲಿ, ಚರಂಡಿ, ಸೂರು ಇರುವ ಈ ಹಾಕರ್ ಸೆಂಟರುಗಳಿಗೆ ಒಯ್ದಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ಸಂಗತಿಯೇ. ಆದರೆ ಒಂದೇ ಸೂರಿನಡಿ ಎಲ್ಲರೂ ಕೂತು ಉಣ್ಣುವ ಪದ್ಧತಿಗೆ ಸಂದ ಆ ಗೌರವ ಬಟ್ಟಲಿನೊಳಗಿನ ಚಹಾವನ್ನು ಕಾಯಲಾರದು. ಅದನ್ನು ಕಾಯಬೇಕಾದವರು ತಿನ್ನುವ ನಾವು. ಹವಾನಿಯಂತ್ರಿತ ಕೆಫೆಯ ಒಂದು ಕಾಫಿಗೆ ಚೌಕಾಸಿ ಮಾಡದೆ ಕೊಡುವಷ್ಟೇ ಹಣಕ್ಕೆ ಹಾಕರ್ ಮಳಿಗೆಯಲ್ಲಿ ಇಡೀ ಊಟ ಸಿಗಬೇಕೆಂದು ಹಟ ಹಿಡಿದವರೂ ನಾವೇ. ಲೇ ಚಾದ ಬೆಲೆಯನ್ನು ಇನ್ನೆರಡು ಡಾಲರ್ ಏರಿಸಿ, ಮಾಚಿಪತ್ರೆ ಹಾಕಿ ಗಟ್ಟಿಯಾಗಿ ಅರೆದು ಕೊಡುವ ಮಳಿಗೆಯ ಮುಂದೆ ಸಾಲು ನಿಲ್ಲಲು ನಾನು ಸಿದ್ಧ.