ಹೊರುವವರ ಬೆನ್ನಿಗೆ ಒಗ್ಗುವ ಚೀಲ

ಹಿಮಾಚಲದ ಹಂಪ್ಟಾ ಪಾಸ್ ದಾರಿಯಲ್ಲಿ ಒಂದು ಬೆಳಗ್ಗೆ, ಕುದುರೆಯವರು ಲಗೇಜು ಹೇರುವುದನ್ನು ಅರ್ಧ ಗಂಟೆ ನಿಂತು ನೋಡಿದೆ. ಡಫಲ್ ಬ್ಯಾಗಿನ ಬಗ್ಗೆ ನನಗಿರುವ ತಿಳಿವಳಿಕೆಯ ಮುಕ್ಕಾಲು ಪಾಲು ಆ ಅರ್ಧ ಗಂಟೆಯದು. ಅವರು ಪ್ರತಿ ಚೀಲವನ್ನೂ ಮೊದಲು ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದರು. ಸಮ ತೂಕದ ಎರಡನ್ನು ಜೋಡಿ ಮಾಡಿ, ಹೇಸರಗತ್ತೆಯ ಪಕ್ಕೆಗಳಿಗೆ ಒಂದೊಂದನ್ನು ಇಳಿಬಿಟ್ಟು, ಹಗ್ಗ ಸುತ್ತಿ, ಚೀಲಕ್ಕೆ ಮೊಣಕಾಲು ಕೊಟ್ಟು ಎಳೆದು ಬಿಗಿಯುತ್ತಿದ್ದರು. ಬಕಲ್, ಬಣ್ಣದ ಪಟ್ಟಿ, ಹೊರಜೇಬು ಯಾವುದನ್ನೂ ಅವರು ಮುಟ್ಟಲಿಲ್ಲ. ಒಂದು ಬ್ಯಾಗಿಗೆ ಚಕ್ರಗಳಿದ್ದವು. ಹೇಗೆ ತಿರುಗಿಸಿ ಇಟ್ಟರೂ ಅದರ ಗಟ್ಟಿ ಚೌಕಟ್ಟು ಪ್ರಾಣಿಯ ಪಕ್ಕೆಗೆ ಒತ್ತುತ್ತಿತ್ತು. ಕೊನೆಗೆ ತಮ್ಮ ಹೊದಿಕೆಯ ಕಂಬಳಿಯನ್ನೇ ಮಡಿಸಿ ನಡುವೆ ಇಟ್ಟು ಕಟ್ಟಿದರು. ಆ ಚಕ್ರಗಳು ಮುಂದಿನ ನಾಲ್ಕು ದಿನ ಒಂದು ಗಜ ದೂರವೂ ಉರುಳಲಿಲ್ಲ.

ನಮ್ಮ ಕಡೆ ಎತ್ತಿನ ಮೇಲೆ ಹಸುಬೆ ಹೇರಿಕೊಂಡು ಘಟ್ಟ ಇಳಿಯುತ್ತಿದ್ದವರ ಲೆಕ್ಕವೂ ಇದೇ ಆಗಿತ್ತು: ಎರಡು ಬದಿಗೂ ಸಮ ಭಾರ, ಬೆನ್ನಿಗೆ ಒತ್ತದ ಮೆತ್ತನೆಯ ಚೀಲ, ಬೇಗ ಬಿಚ್ಚಿ ಕಟ್ಟಬಹುದಾದ ಹಗ್ಗ. ಡಫಲ್ ಬ್ಯಾಗನ್ನು ನಾನು ಹಸುಬೆಯ ದೂರದ ನೆಂಟ ಎಂದೇ ಭಾವಿಸುತ್ತೇನೆ. ಸೂಟ್‌ಕೇಸಿಗೂ ಬೆನ್ನುಚೀಲಕ್ಕೂ ಇಲ್ಲದ ಗುಣವೊಂದು ಅದಕ್ಕಿದೆ: ಅದಕ್ಕೆ ಸ್ವಂತ ಆಕಾರದ ಹಟವಿಲ್ಲ. ಬಸ್ಸಿನ ಟಾಪಿನ ಮೇಲೆ, ಜೀಪಿನ ಹಿಂದಿನ ಸಂದಿಯಲ್ಲಿ, ದೋಣಿಯ ತಳದಲ್ಲಿ ಎಷ್ಟು ಜಾಗ ಸಿಕ್ಕಿದರೆ ಅಷ್ಟಕ್ಕೇ ಬಾಗುತ್ತದೆ. ಹಾಗಾಗಿ ದುರ್ಗಮ ಜಾಗಗಳಿಗೆ ಬ್ಯಾಗು ಆರಿಸುವಾಗ ನನ್ನ ಮೊದಲ ಪ್ರಶ್ನೆ ಮಳೆಯದಲ್ಲ. ಇದನ್ನು ಯಾರು ಹೊರುತ್ತಾರೆ? ದಾರಿಯಲ್ಲಿ ಕೆಟ್ಟರೆ ಅಲ್ಲೇ ಯಾರು ಸರಿಮಾಡುತ್ತಾರೆ? ಹೆಸರುವಾಸಿ ಬ್ಯಾಗುಗಳನ್ನೂ ಈ ಎರಡು ಪ್ರಶ್ನೆಗಳ ಮುಂದೆ ನಿಲ್ಲಿಸಿಯೇ ಬೆಲೆ ಕಟ್ಟಬೇಕು.

ಈ ಬ್ಯಾಗಿನ ಹೆಸರಿನ ಮೂಲ ಬೆಲ್ಜಿಯಂನ ಆಂಟ್ವೆರ್ಪ್ ಬಳಿಯ ಡಫಲ್ ಎಂಬ ಊರು. ಅಲ್ಲಿಯ ದಪ್ಪ ಒರಟು ಉಣ್ಣೆಬಟ್ಟೆಗೆ ಊರಿನ ಹೆಸರು ಅಂಟಿತು, ಬಟ್ಟೆಯಿಂದ ಚೀಲಕ್ಕೆ ದಾಟಿತು. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಈ ಬಟ್ಟೆಯ ಗುಣವನ್ನು ವಿವರಿಸಬೇಕಾಗಿಲ್ಲ. ಉಣ್ಣೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಬಹಳಷ್ಟು ಜಾರಿಸುತ್ತದೆ, ಒಂದಿಷ್ಟು ಕುಡಿಯುತ್ತದೆ, ಆದರೂ ಒಳಗಿನ ಮೈಯನ್ನು ಬೆಚ್ಚಗಿಡುತ್ತದೆ. ಹವಾಮಾನ ತಡೆಯುವುದೆಂದರೆ ಎಷ್ಟು ನೀರು ಬಂದರೆ ಸಹಿಸಬಹುದು ಎಂಬ ಲೆಕ್ಕಾಚಾರ ಎಂಬುದನ್ನು ಆ ಕಂಬಳಿ ಆಗಲೇ ಹೇಳಿಕೊಟ್ಟಿತ್ತು.

ಇಂದಿನ ಬ್ಯಾಗಿನ ಲೇಬಲ್ಲಿನಲ್ಲಿ 600, 900, 1000 ಡೆನಿಯರ್ ಎಂದು ಬರೆದಿರುತ್ತದೆ. ರಾಮನಗರದ ರೀಲರುಗಳಿಗೆ ಈ ಪದ ನಿತ್ಯದ ಮಾತು. ಅವರು ತೆಗೆಯುವ ರೇಷ್ಮೆ ನೂಲನ್ನು 20–22 ಡೆನಿಯರ್ ಎಂದೇ ಅಳೆಯುತ್ತಾರೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂದರೆ 1000 ಡೆನಿಯರಿನ ನೂಲನ್ನು ಒಂಬತ್ತು ಕಿಲೋಮೀಟರ್ ಉದ್ದ ಹಾಸಿದರೆ ಒಂದು ಕಿಲೋ ತೂಗುತ್ತದೆ. ಈ ಅಂಕಿ ದಪ್ಪವನ್ನು ಹೇಳುತ್ತದೆ, ಗಟ್ಟಿತನವನ್ನು ಅರ್ಧ ಮಾತ್ರ ಹೇಳುತ್ತದೆ. ಅದೇ ದಪ್ಪದಲ್ಲಿ ನೈಲಾನು ಕಲ್ಲಿನ ಉಜ್ಜಾಟಕ್ಕೆ ಹೆಚ್ಚು ಬಾಳುತ್ತದೆ. ಪಾಲಿಯೆಸ್ಟರು ಬಿಸಿಲಿಗೆ ಹೆಚ್ಚು ಬಾಳುತ್ತದೆ, ನೀರನ್ನೂ ಕಡಿಮೆ ಹೀರುತ್ತದೆ. ಎರಡನೇ ಮಹಾಯುದ್ಧದಲ್ಲಿ ಗುಂಡಿನ ಸಿಡಿತಗಳಿಂದ ಕಾಪಾಡುವ ಜಾಕೆಟ್ಟಿಗೆಂದು ಹುಟ್ಟಿದ ಬ್ಯಾಲಿಸ್ಟಿಕ್ ನೈಲಾನು ಈಗ ಒಳ್ಳೆಯ ಡಫಲ್‌ಗಳ ತಳದಲ್ಲಿ ಕೂತಿರುವುದು ಉಜ್ಜಾಟ ತಾಳುವ ಗುಣಕ್ಕಾಗಿಯೇ. ಬ್ಯಾಗನ್ನು ಎಳೆದಾಡುವಾಗ ಮೊದಲು ಸವೆಯುವುದು ತಳವೇ.

ಅದಕ್ಕಿಂತ ಮುಖ್ಯವಾದದ್ದು ಬಟ್ಟೆಯ ಮೇಲಿನ ಲೇಪ, ಅದನ್ನು ನಾನು ನಷ್ಟ ಅನುಭವಿಸಿ ಕಲಿತೆ. ಅಗ್ಗವೆಂದು ಕೊಂಡ ಒಂದು ಬ್ಯಾಗನ್ನು ಎರಡು ಮಳೆಗಾಲ ಅಟ್ಟದಲ್ಲಿಟ್ಟಿದ್ದೆ. ಮೂರನೇ ವರ್ಷ ತೆಗೆದು ಬಿಚ್ಚಿದಾಗ ಒಳಮೈ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಕೈಯಾಡಿಸಿದ ಕಡೆಯೆಲ್ಲ ಬಿಳಿಯ ಸಿಪ್ಪೆ ಉದುರಿತು. ಹುಳಿ ವಾಸನೆ ಬಟ್ಟೆಗಳಿಗೂ ಹತ್ತಿತು. ಒಳಗೆ ಬಳಿದ ಪಾಲಿಯುರಿಥೇನ್ ಲೇಪ ಗಾಳಿಯ ತೇವಾಂಶದೊಡನೆ ಬೆರೆತು ನಿಧಾನವಾಗಿ ಒಡೆಯುವ ಪರಿ ಇದು. ಒಣ ಹವೆಯ ದೇಶದಲ್ಲಿ ವರ್ಷಗಟ್ಟಲೆ ಬಾಳುವ ಲೇಪ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೇಗ ಸಾಯುತ್ತದೆ. ಇಲ್ಲಿನವರು ಬ್ಯಾಗು ಕೊಳ್ಳುವಾಗ ಲೇಪ ಎಂಥದ್ದೆಂದು ಕೇಳಲೇಬೇಕು. ಬಟ್ಟೆಯ ಹೊರಮೈಗೆ ದಪ್ಪ ಹಾಳೆಯಂತೆ ಬೆಸೆದ ಟಿಪಿಯು ಎಂಬ ಪ್ಲಾಸ್ಟಿಕ್ ಅಥವಾ ಟಾರ್ಪಾಲಿನಂಥ ಪದರ ಇದ್ದರೆ ಒಳ್ಳೆಯದು. ತೆಳುವಾಗಿ ಒಳಗೆ ಬಳಿದದ್ದಾದರೆ ಬ್ಯಾಗನ್ನು ಗಾಳಿಯಾಡುವ ಕಡೆ, ಜಿಪ್ ತೆರೆದು ತೂಗುಹಾಕಬೇಕು.

ಇನ್ನು 'ವಾಟರ್‌ಪ್ರೂಫ್' ಎಂಬ ಮಾತು. ಬಟ್ಟೆ ನೀರು ಬಿಡದಿದ್ದರೂ ಅದನ್ನು ಸೂಜಿಯಿಂದ ಹೊಲಿದ ಕೂಡಲೇ ಸಾವಿರಾರು ತೂತುಗಳಾಗುತ್ತವೆ. ಜಿಪ್ಪು ಉದ್ದಕ್ಕೂ ಒಂದು ಸೀಳು. ಆದ್ದರಿಂದ ನಿಜಕ್ಕೂ ನೀರೊಳಗೆ ಮುಳುಗಿದರೂ ತಾಳುವ ಬ್ಯಾಗಿನಲ್ಲಿ ಹೊಲಿಗೆಯೇ ಇರುವುದಿಲ್ಲ, ಅಂಚುಗಳನ್ನು ಶಾಖದಿಂದ ಬೆಸೆದಿರುತ್ತಾರೆ. ಅಂಥದ್ದಕ್ಕೆ ಅಳತೆಯೂ ಇದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಈ ಅಳತೆ ಹೇಳದೆ ಬರೀ 'ವಾಟರ್‌ಪ್ರೂಫ್' ಎಂದು ಬರೆದಿದ್ದರೆ ಅದನ್ನು ಜಡಿಮಳೆಯಲ್ಲಿ ಒಂದಿಷ್ಟು ಹೊತ್ತು ತಾಳುತ್ತದೆ ಎಂದಷ್ಟೇ ಓದಿಕೊಳ್ಳಬೇಕು.

ಜರ್ಮನಿಯ ಓರ್ಟ್ಲೀಬ್ ಕಂಪನಿಯ ಚೀಲಗಳು ಈ ಬೆಸೆಯುವ ಪಂಥದವು. ಸೈಕಲ್ಲಿನಲ್ಲಿ ಇಂಗ್ಲೆಂಡಿನ ಮಳೆಗೆ ಸಿಕ್ಕಿ ನೆನೆದ ಹಾರ್ಟ್ಮುಟ್ ಓರ್ಟ್ಲೀಬ್, ಲಾರಿಯ ಸರಕನ್ನು ಒಣಗಿಟ್ಟ ಟಾರ್ಪಾಲು ಕಂಡು ಅದರಿಂದಲೇ ಚೀಲ ಹೊಲಿದುಕೊಂಡರಂತೆ. 1982ರಲ್ಲಿ ಕಂಪನಿ ಶುರುವಾಯಿತು. ಬಾಯಿಯನ್ನು ಸುರುಳಿ ಸುತ್ತಿ ಬಕಲ್ ಹಾಕುವ ಅವರ ಚೀಲಗಳನ್ನು ನಾನು ಬಹಳ ಮೆಚ್ಚುತ್ತೇನೆ. ದೋಣಿಗೆ, ಬೈಕಿನ ಕ್ಯಾರಿಯರಿಗೆ, ದಿನವಿಡೀ ಬಿಡದ ಆಗುಂಬೆಯ ಮಳೆಗೆ ಅವು ಸರಿಯಾದ ಆಯ್ಕೆ. ಆದರೆ ಹೊರಗಿನ ನೀರನ್ನು ಬಿಡದ ಚೀಲ ಒಳಗಿನ ತೇವವನ್ನೂ ಹೊರಬಿಡುವುದಿಲ್ಲ. ಒದ್ದೆ ಕಾಲುಚೀಲ, ಬೆವರಿದ ಅಂಗಿ ತುರುಕಿ ಎರಡು ದಿನ ಮುಚ್ಚಿಟ್ಟರೆ ಒಣ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಪೂರ್ತಿ ನೀರು ತಡೆಯುವ ವಿಶೇಷ ಜಿಪ್ಪುಳ್ಳ ಡಫಲ್‌ಗಳಿಗೆ ಇನ್ನೊಂದು ತೊಡಕಿದೆ. ಆ ಜಿಪ್ಪಿಗೆ ಆಗಾಗ ಗ್ರೀಸ್ ಹಚ್ಚಬೇಕು, ಮರಳು ಸೇರದಂತೆ ನೋಡಿಕೊಳ್ಳಬೇಕು. ಒಮ್ಮೆ ಹರಿದರೆ ದಾರಿಯಲ್ಲಿ ಯಾರ ಕೈಯಲ್ಲೂ ಅದು ರಿಪೇರಿಯಾಗದು.

ಮಳೆ ತಡೆಯಲು ಬೆಸೆಯಲೇಬೇಕೆಂದೂ ಇಲ್ಲ. ಮಳೆಗೆ ಹೊದೆಯುವ ಎಲೆಯ ಗೊರಬನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದೂ ಎಲೆ 'ವಾಟರ್‌ಪ್ರೂಫ್' ಅಲ್ಲ. ಮೇಲಿನ ಎಲೆ ಕೆಳಗಿನದನ್ನು ಅರ್ಧ ಮುಚ್ಚುವಂತೆ ಹೆಣೆದಿರುವುದರಿಂದ ನೀರಿಗೆ ಒಳದಾರಿ ಸಿಗುವುದಿಲ್ಲ. ಹಂಚಿನ ಮಾಡೂ ಹಾಗೆಯೇ. ಒಳ್ಳೆಯ ಡಫಲ್‌ನ ಜಿಪ್ಪಿನ ಮೇಲೆ ಎರಡು ಬೆರಳಗಲದ ಮಡಿಕೆ ಬಿದ್ದಿರುವುದು ಇದೇ ತತ್ವದಿಂದ. ಅಂಗಡಿಯಲ್ಲಿ ಬ್ಯಾಗು ತುಂಬಿಸಿ ನಿಲ್ಲಿಸಿ ಆ ಮಡಿಕೆಯನ್ನು ನೋಡಿ. ತುಂಬಿದಾಗ ಅದು ಬಾಯ್ಬಿಟ್ಟು ಮೇಲೆದ್ದು ನಿಂತರೆ ಮಳೆಯಲ್ಲಿ ಪ್ರಯೋಜನವಿಲ್ಲ.

ಜಿಪ್ಪಿನ ವಿಷಯದಲ್ಲಿ ನಾನು ಹಟವಾದಿ. ಬ್ಯಾಗಿನ ಆಯುಷ್ಯ ಅಂದರೆ ಜಿಪ್ಪಿನ ಆಯುಷ್ಯ. ಹಲ್ಲಿನ ಸಾಲಿನ ಅಗಲವನ್ನು ಸುಮಾರಾಗಿ ಮಿಲಿಮೀಟರಿನಲ್ಲಿ ಹೇಳುವ ನಂಬರುಗಳಿವೆ. ದೊಡ್ಡ ಬ್ಯಾಗಿನ ಮುಖ್ಯ ಜಿಪ್ಪು ಹತ್ತನೇ ನಂಬರಿನದಾಗಿರಲಿ, ಎಂಟಕ್ಕಿಂತ ಕಡಿಮೆ ಬೇಡ. 1934ರಲ್ಲಿ ಜಪಾನಿನಲ್ಲಿ ಶುರುವಾದ ವೈಕೆಕೆ ಕಂಪನಿಯ ಗುರುತು ರನ್ನರಿನ ಮೇಲಿದ್ದರೆ ಅರ್ಧ ಚಿಂತೆ ಕಳೆಯಿತು. ಮೂಲೆಯಲ್ಲಿ ರನ್ನರನ್ನು ಒಂದೇ ಕೈಯಿಂದ ಎಳೆದು ನೋಡಬೇಕು. ಖಾಲಿ ಬ್ಯಾಗಿನಲ್ಲೇ ಅದು ಮೂಲೆಯಲ್ಲಿ ತಡೆದರೆ ತುಂಬಿದ ಬ್ಯಾಗಿನಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ, ಖಂಡಿತ ಕೈಕೊಡುತ್ತದೆ.

ಹಿಡಿಕೆಗಳ ಬುಡವನ್ನು ಒಳಗಿನಿಂದ ನೋಡುವುದು ಇನ್ನೊಂದು ಪರೀಕ್ಷೆ. ಪಟ್ಟಿಯನ್ನು ಚೌಕದೊಳಗೆ ಕತ್ತರಿ ಗುರುತಿನಂತೆ ಹೊಲಿದು, ಅಂಚಿನಲ್ಲಿ ಒತ್ತಾಗಿ ಹತ್ತಾರು ಬಾರಿ ದಾರ ಓಡಿಸಿದ್ದರೆ ಅದು ಭಾರ ಹೊರುವ ಹೊಲಿಗೆ. ಪಟ್ಟಿ ಬ್ಯಾಗಿನ ಹೊಟ್ಟೆಯ ಕೆಳಗಿನಿಂದ ಸುತ್ತಿ ಬಂದಿದ್ದರೆ ಇನ್ನೂ ಒಳ್ಳೆಯದು, ಆಗ ಭಾರ ಹೊಲಿಗೆಯ ಮೇಲೆ ಬೀಳದೆ ಪಟ್ಟಿಯ ಮೇಲೆ ಬೀಳುತ್ತದೆ. ಎರಡು ತುದಿಗಳಲ್ಲೂ ಹಿಡಿಕೆ ಇರಲೇಬೇಕು. ಬಸ್ಸಿನ ಟಾಪಿನಿಂದ ಇಳಿಸುವವರು, ವಿಮಾನದ ಹೊಟ್ಟೆಗೆ ಎಸೆಯುವವರು ಹಿಡಿಯುವುದು ತುದಿಯನ್ನೇ.

ಈಗ ಎಲ್ಲರ ಬಾಯಲ್ಲಿರುವ ಎರಡು ಬ್ಯಾಗುಗಳು. ದಿ ನಾರ್ತ್ ಫೇಸ್‌ನ ಬೇಸ್ ಕ್ಯಾಂಪ್ ಡಫಲ್ ಪರ್ವತಾರೋಹಿಗಳ ನಡುವೆ ದಶಕಗಳಿಂದ ಇದೆ. ದಪ್ಪ ಪದರ ಬೆಸೆದ 1000 ಡೆನಿಯರ್ ಪಾಲಿಯೆಸ್ಟರು, ಬ್ಯಾಲಿಸ್ಟಿಕ್ ನೈಲಾನಿನ ತಳ, ಬ್ಯಾಗಿನ ಬಾಯಿ ಪೂರ್ತಿ ತೆರೆಯುವ ಜಿಪ್ಪು, ಹಗ್ಗ ಪೋಣಿಸಲು ಪಕ್ಕದ ಕುಣಿಕೆಗಳು. ಹೇಸರಗತ್ತೆಯ ಮೇಲೆ ಹೇರಲು ಇದಕ್ಕಿಂತ ಒಗ್ಗುವ ಚೀಲವನ್ನು ನಾನು ಕಂಡಿಲ್ಲ. ಇದರ ದೋಷವೆಂದರೆ ತೂಕ. 71 ಲೀಟರಿನ ಅಳತೆಯೇ ಖಾಲಿಯಾಗಿ ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ಪ್ಯಾಟಗೋನಿಯಾದ ಬ್ಲ್ಯಾಕ್ ಹೋಲ್ ಮರುಬಳಕೆಯ ಪಾಲಿಯೆಸ್ಟರಿನದು, 55 ಲೀಟರಿನದು ಒಂದು ಕಿಲೋ ಸುತ್ತಮುತ್ತ. ತನ್ನದೇ ಜೇಬಿನೊಳಗೆ ಮಡಿಚಿಕೊಳ್ಳುತ್ತದೆ. ಒಬ್ಬರೇ ಬಸ್ಸು ಬದಲಿಸಿಕೊಂಡು ಸ್ಪಿತಿಗೋ ಲಡಾಖಿಗೋ ಹೋಗುವವರಿಗೆ ಇದೇ ಮೇಲು. ಎರಡೂ ಜಡಿಮಳೆಯನ್ನು ತಡೆಯುತ್ತವೆ, ಹೊಳೆಗೆ ಬಿದ್ದರೆ ಒಳಗೆ ನೀರು ಬರುತ್ತದೆ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಹಾಕಿ, ಮಲಗುವ ಚೀಲ ಮತ್ತು ಒಂದು ಜೊತೆ ಬಟ್ಟೆಯನ್ನು ಅದರಲ್ಲಿ ಕಟ್ಟಿಟ್ಟರೆ ಮುಗಿಯಿತು. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್‌ನಂಥ ಕಂಪನಿಗಳ ಬ್ಯಾಗನ್ನೂ ಇದೇ ಪರೀಕ್ಷೆಗಳಿಗೆ ಒಡ್ಡಿ ಕೊಳ್ಳಬಹುದು. ಬ್ರ್ಯಾಂಡಿಗಿಂತ ಜಿಪ್ಪು, ಲೇಪ, ಹೊಲಿಗೆಗಳನ್ನು ನೋಡಿ ಆರಿಸಿದವರು ಕಡಿಮೆ ದುಡ್ಡಿನಲ್ಲೂ ಸೋಲುವುದಿಲ್ಲ.

ಅಳತೆಯ ವಿಷಯದಲ್ಲೂ ನಾನು ರಾಜಿಯಾಗುವುದಿಲ್ಲ. ತೊಂಬತ್ತು, ನೂರು ಲೀಟರಿನ ಬ್ಯಾಗು ಕೊಂಡವರು ಅದನ್ನು ತುಂಬಿಸಿಯೇ ತುಂಬಿಸುತ್ತಾರೆ. ಎವರೆಸ್ಟ್ ದಾರಿಯ ಲುಕ್ಲಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕಿಲೋ ಮಿತಿ. ವಿಮಾನ ಇಳಿದ ಮೇಲೆ ಅದೇ ಬ್ಯಾಗು ಇನ್ನೊಂದರ ಜೊತೆ ಸೇರಿ, ಹಣೆಗೆ ಪಟ್ಟಿ ಕೊಟ್ಟು ಏರುವ ಒಬ್ಬ ಮನುಷ್ಯನ ಬೆನ್ನಿಗೆ ಹೋಗುತ್ತದೆ. ಕಿಲಿಮಂಜಾರೋದಲ್ಲಿ ಒಬ್ಬ ಪೋರ್ಟರು ಹೊರಬಹುದಾದ ಗರಿಷ್ಠ ಭಾರವನ್ನೇ 20 ಕಿಲೋಗೆ ನಿಲ್ಲಿಸಿದ್ದಾರೆ. ಅವರಲ್ಲಿ ಹಲವರು ನಮ್ಮ ಚೀಲವನ್ನು ತಲೆಯ ಮೇಲೆ ಹೊರುತ್ತಾರೆ. ಹೀಗಿರುವಾಗ ಬ್ಯಾಗಿನ ಗಾತ್ರ ನಮ್ಮ ಸ್ವಂತ ಅನುಕೂಲದ ಮಾತಾಗಿ ಉಳಿಯುವುದಿಲ್ಲ. ಒಂದು ವಾರದ ಚಾರಣಕ್ಕೆ 50ರಿಂದ 70 ಲೀಟರು ಧಾರಾಳ ಸಾಕು. ಚಕ್ರವಂತೂ ಬೇಡವೇ ಬೇಡ.

ಹಂಪ್ಟಾ ಪಾಸಿನ ಎತ್ತರ ಸುಮಾರು 4270 ಮೀಟರ್. ಅದರ ಈಚೆ ಕುಲ್ಲು ಕಡೆಯ ಮಳೆ, ಹಸಿರು. ಆಚೆ ಲಾಹೌಲಿನ ಬೋಳುಬೆಟ್ಟ, ಧೂಳು. ಒಂದೇ ದಿನದಲ್ಲಿ ನಮ್ಮ ಬ್ಯಾಗುಗಳು ಎರಡನ್ನೂ ಕಂಡವು. ಆಚೆ ಬದಿಯ ಛತ್ರುವಿನಲ್ಲಿ ಇಳಿಸಿದಾಗ ನನ್ನ ಬ್ಯಾಗಿನ ಜಿಪ್ಪು ರನ್ನರು ದಾಟಿದಂತೆಲ್ಲ ಹಿಂದೆ ಬಾಯ್ಬಿಡುತ್ತಿತ್ತು. ಹಲ್ಲುಗಳು ಹೋದವೆಂದೇ ತಿಳಿದೆ. ಕುದುರೆಯವರಲ್ಲಿ ಹಿರಿಯರೊಬ್ಬರು ಬಂದು ಕೂತರು. ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹಲ್ಲಿನ ಸಾಲನ್ನು ಒರೆಸಿದರು. ಲಾಳ ಹೊಡೆಯುವ ಸಾಮಾನಿನಿಂದ ಇಕ್ಕಳ ತೆಗೆದು ರನ್ನರಿನ ಎರಡು ಅಂಚನ್ನೂ ಹದವಾಗಿ ಒಂದೊಂದು ಸಲ ಅದುಮಿದರು. ಉರಿದು ಉಳಿದ ಮೇಣದಬತ್ತಿಯ ತುಂಡನ್ನು ಉದ್ದಕ್ಕೂ ಉಜ್ಜಿ, ಎಳೆದರು. ಜಿಪ್ಪು ಮುಚ್ಚಿಕೊಂಡಿತು. ಸವೆದದ್ದು ಹಲ್ಲಲ್ಲ, ರನ್ನರು.

ಆ ಬ್ಯಾಗು ಈಗಲೂ ನನ್ನ ಬಳಿ ಇದೆ, ಅದೇ ರನ್ನರಿನೊಂದಿಗೆ. ಹೊಸದು ಕೊಳ್ಳುವವರು ಸಲಹೆ ಕೇಳಿದಾಗ ನಾನು ಅದನ್ನು ತಂದು ಮುಂದಿಟ್ಟು, ರನ್ನರಿನ ಅಂಚಿನಲ್ಲಿ ಇಕ್ಕಳದ ಗುರುತು ತೋರಿಸುತ್ತೇನೆ. ಆ ಗುರುತು ಬೀಳಲು ಅವಕಾಶ ಕೊಡುವ ಬ್ಯಾಗನ್ನೇ ಕೊಳ್ಳಿ ಎನ್ನುತ್ತೇನೆ.