ಕ್ರೈಸ್ತ ದೃಷ್ಟಿಯಲ್ಲಿ ನುಡಿ ಮತ್ತು ವೇಷ: ಒಂದು ವಿಮರ್ಶೆ

ಜಾನ್ ವೆಸ್ಲಿಯು 1743ರಲ್ಲಿ ತನ್ನ ಅನುಯಾಯಿಗಳಿಗಾಗಿ ಪ್ರಕಟಿಸಿದ ಸಾಮಾನ್ಯ ನಿಯಮಗಳಲ್ಲಿ ನಿಷ್ಪ್ರಯೋಜಕವಾದ ಮಾತೂ ಚಿನ್ನದ ಒಡವೆಯೂ ಒಂದೇ ಪಟ್ಟಿಯಲ್ಲಿ ನಿಷಿದ್ಧವಾಗಿವೆ. ಅಂತರಂಗವೇ ಪ್ರಧಾನ, ನುಡಿಯೂ ವೇಷವೂ ಅದರ ಗುರುತುಗಳು ಎಂಬುದು ಇದರ ತಾತ್ಪರ್ಯ. ಬಟವಾಡಿಗೆ ಹೆಚ್ಚು ದೂರವಿಲ್ಲದ ಗುಬ್ಬಿಯಲ್ಲಿ ವಿಲಿಯಂ ಆರ್ಥರ್ ಮೊದಲಾದ ವೆಸ್ಲಿಯನ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನೆಲಸಿದಾಗ ಈ ಶಿಸ್ತು ನಮ್ಮ ಸೀಮೆಗೂ ಬಂದಿತು. ಆದರೆ ದಕ್ಷಿಣ ಭಾರತದ ಮಿಷನ್ ಚರಿತ್ರೆಯು ನುಡಿಯನ್ನೂ ವೇಷವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲವೆಂದು ನಮ್ಮ ಅಭಿಪ್ರಾಯ.

ವೇಷದ ವಿಚಾರಣೆ ಇದಕ್ಕೂ ಹಳೆಯದು. ಮಧುರೆಯಲ್ಲಿ ದೆ ನೊಬಿಲಿ, ಮೈಸೂರು ಸೀಮೆಯಲ್ಲಿ ಚಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿಗಳು ಸಂನ್ಯಾಸಿಯ ಉಡುಪನ್ನು ಧರಿಸಿದರು. ಜನಿವಾರ, ಜುಟ್ಟು, ಗಂಧಗಳನ್ನು ಹದಿನೈದನೆಯ ಗ್ರೆಗರಿ ಪೋಪರು 1623ರಲ್ಲಿ ಕೆಲವು ಷರತ್ತುಗಳೊಡನೆ ಅನುಮತಿಸಿದರು. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೋ ಪುದುಚೇರಿಯಲ್ಲಿ ಹಣೆಯ ಭಸ್ಮವನ್ನೂ ಪಿಳ್ಳೆಯಾರನ ಆಕೃತಿಯುಳ್ಳ ತಾಳಿಯನ್ನೂ ನಿಷೇಧಿಸಿದನು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಈ ವಿವಾದಕ್ಕೆ ನಿಷೇಧದ ಪರವಾಗಿಯೇ ತೆರೆ ಎಳೆದರು.

ನುಡಿಯ ಗತಿ ಬೇರೆ. ಕನ್ನಡ ಕ್ರೈಸ್ತರು ದೀಕ್ಷಾಸ್ನಾನವೆನ್ನುತ್ತಾರೆ, ಕ್ಯಾಥೊಲಿಕರು ಪರಮಪ್ರಸಾದವೆನ್ನುತ್ತಾರೆ. ದೀಕ್ಷೆಯು ಶೈವ ವೈಷ್ಣವರ ಮಾತು. ಪ್ರಸಾದವು ವೀರಶೈವರ ಅಷ್ಟಾವರಣಗಳಲ್ಲೊಂದು. ಈ ಶಬ್ದಗಳು ಹಳೆಯ ಸಂಸ್ಕಾರವನ್ನು ಹೊತ್ತೇ ಬಂದವು; ಬಳಕೆಯಿಂದ ಹೊಸ ಅರ್ಥವನ್ನು ಪಡೆದವು. ಶಬ್ದಕ್ಕೆ ದೊರೆತ ಈ ಸ್ವಾತಂತ್ರ್ಯ ಹಣೆಯ ಭಸ್ಮಕ್ಕೆ ದೊರೆಯಲಿಲ್ಲವೇಕೆ?

ಇದನ್ನು ಕೇವಲ ಪರಕೀಯರ ಅಸಹನೆಯೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ಅರ್ಧಸತ್ಯ. ಶಬ್ದ ಎಲ್ಲರ ಬಾಯಲ್ಲೂ ಬರಬಲ್ಲದು. ಜನಿವಾರ ಎಲ್ಲರ ಮೈಮೇಲೆ ಬರಲಾರದು. ಅದು ಭಕ್ತಿಗಿಂತ ಮೊದಲು ಜಾತಿಯನ್ನು ಸಾರುತ್ತದೆ. ಅದನ್ನು ಲೋಕಾಚಾರವೆಂದು ಬಿಟ್ಟುಕೊಟ್ಟ ಉದಾರನೀತಿ ಸಭೆಯೊಳಗೆ ಭೇದವನ್ನೂ ಉಳಿಸಿತು. ಆದರೆ ಈ ಸಮರ್ಥನೆ ತಾಳಿಗೆ ಸಲ್ಲದು. ಅಲ್ಲಿ ಶಿಲುಬೆಯ ಗುರುತುಳ್ಳ ತಾಳಿಗೆ ಅವಕಾಶ ದೊರೆತು, ಶಬ್ದದಂತೆ ಆಭರಣವೂ ಅರ್ಥ ಬದಲಿಸಬಲ್ಲದೆಂಬುದು ಸಿದ್ಧವಾಯಿತು.

ಆದುದರಿಂದ ಆಜ್ಞಾಪತ್ರಗಳನ್ನು ಮಾತ್ರ ಓದುವ ಚರಿತ್ರಕಾರನಿಗೆ ನಿಷೇಧವಷ್ಟೇ ಕಾಣುತ್ತದೆ. ಪ್ರಾರ್ಥನೆಯ ಕನ್ನಡವನ್ನೂ ಅವುಗಳ ಪಕ್ಕದಲ್ಲಿಟ್ಟು ಓದಿದರೆ, ನಿಷೇಧಿಸಿದವರ ನಾಲಗೆಯ ಮೇಲೆಯೇ ಸ್ವೀಕಾರವೂ ನಡೆದಿತ್ತೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾದೀತು.