ಕೀಲೊಳಗಿನ ರಕ್ತ ಮತ್ತು ಕಾಯ್ದೆಯ ಕಣ್ಣು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದಾಗ ಹಿಮೋಫಿಲಿಯಾವೂ ಆ ಪಟ್ಟಿಗೆ ಸೇರಿತು. ಅದು ದೊಡ್ಡ ಗೆಲುವು. ಆದರೆ ಅನುಸೂಚಿಯಲ್ಲಿ ಕೊಟ್ಟ ವಿವರಣೆ ಓದಿದರೆ ಸಂಕಟವಾಗುತ್ತದೆ. ಸಾಮಾನ್ಯವಾಗಿ ಗಂಡಸರಿಗಷ್ಟೇ ಬರುವ, ಸಣ್ಣ ಗಾಯದಿಂದಲೂ ಜೀವ ಹೋಗುವಷ್ಟು ರಕ್ತ ಹರಿಯಬಹುದಾದ ಕಾಯಿಲೆ ಎಂಬುದು ಅದರ ಸಾರ. ಮುಟ್ಟಿನಲ್ಲಿ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಅನುಭವಿಸುವ ಹೆಂಗಸರು ಆ ಮಾತಿನಲ್ಲಿ ಮರೆಯಾಗುತ್ತಾರೆ. ವಾನ್ ವಿಲ್ಲೆಬ್ರಾಂಡ್‌ನಂಥ ಇತರ ರಕ್ತಸ್ರಾವದ ಕಾಯಿಲೆಗಳ ಹೆಸರಂತೂ ಇಲ್ಲವೇ ಇಲ್ಲ.

ಕಾಯ್ದೆ ಗಾಯದ ಮಾತಾಡಿದರೂ, ತೀವ್ರ ಹಿಮೋಫಿಲಿಯಾ ಮನುಷ್ಯನನ್ನು ಹೆಚ್ಚಾಗಿ ಕೆಡಿಸುವುದು ಒಳಗಿನಿಂದ. ಏಟು ಬೀಳದಿದ್ದರೂ ಮೊಣಕಾಲು, ಮೊಣಕೈ, ಪಾದದ ಕೀಲಿನೊಳಗೆ ರಕ್ತ ಜಿನುಗುತ್ತದೆ. ಹೊರಗೆ ಒಂದು ಹನಿಯೂ ಕಾಣದು. ಕೀಲು ಉಬ್ಬಿ ಬಿಸಿಯಾಗುತ್ತದೆ. ಮತ್ತೆ ಮತ್ತೆ ಹೀಗಾದರೆ ಮೃದ್ವಸ್ಥಿ ಸವೆದು ಎಳೆ ವಯಸ್ಸಿಗೇ ಕಾಲು ನೆಟ್ಟಗಾಗದಂತೆ ಮಡಚಿಕೊಳ್ಳುತ್ತದೆ.

ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ ಇಂಜೆಕ್ಷನ್ ಉಚಿತ. ಒಂದೊಂದು ವಯಲ್‌ಗೂ ಸಾವಿರಾರು ರೂಪಾಯಿ ಬೀಳುವ ಈ ಔಷಧಿಯನ್ನು ಬಡವರಿಗೆ ತಲುಪಿಸಿದ್ದು ಸಣ್ಣ ಕೆಲಸವಲ್ಲ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ಮತ್ತು ಸಂಗಡಿಗರು ದಾವಣಗೆರೆಯಲ್ಲಿ ಕಟ್ಟಿದ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳ ದುಡಿಮೆ ಇದರ ಹಿಂದಿದೆ. ಆದರೂ ಈ ನೆರವನ್ನು ಕಲಬುರಗಿ ಜಿಲ್ಲೆಯ ರಾವೂರಿನಂಥ ಊರಿನಲ್ಲಿ ನಿಂತು ಅಳೆಯಬೇಕು. ರಕ್ತ ಜಿನುಗತೊಡಗಿದ ಒಂದೆರಡು ಗಂಟೆಯೊಳಗೆ ಫ್ಯಾಕ್ಟರ್ ಬಿದ್ದರೆ ಕೀಲು ಉಳಿಯುತ್ತದೆ. ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಅಪ್ಪ ಅಂದಿನ ಕೂಲಿ ಬಿಟ್ಟು, ಕಾಲೂರಲಾಗದ ಮಗನನ್ನು ಎತ್ತಿಕೊಂಡು, ಬಸ್ಸು ಹಿಡಿದು ಕಲಬುರಗಿ ಮುಟ್ಟಬೇಕು. ಚಿಂಚೋಳಿಯ ತಾಂಡಾಗಳಿಗೆ ದಾರಿ ಇನ್ನೂ ಉದ್ದ. ‘ಎ’ ಬಗೆಯ ಹಿಮೋಫಿಲಿಯಾಕ್ಕೆ ಕೊಡುವ ಎಂಟನೇ ಫ್ಯಾಕ್ಟರಿನ ಅರ್ಧದಷ್ಟು ಬಲ 8ರಿಂದ 12 ಗಂಟೆಗಳಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಮರುದಿನ ಮತ್ತೆ ಹೋಗಬೇಕಾದೀತು. ಎಷ್ಟು ಸಲ ಹೋದಾರು? ಮನೆಯಲ್ಲೇ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ತಿಕ್ಕಿದಷ್ಟೂ ರಕ್ತ ಹೆಚ್ಚುತ್ತದೆ.

ನನ್ನ ತಕರಾರು ಇಲ್ಲಿದೆ: ರಕ್ತ ಬಂದ ಮೇಲೆ ಬನ್ನಿ ಎನ್ನುವ ಚಿಕಿತ್ಸೆ, ಉಚಿತವಾದರೂ, ಅಂಗವೈಕಲ್ಯವನ್ನು ತಡೆಯದು. ರಕ್ತ ಬರುವ ಮೊದಲೇ ನಿಯಮಿತವಾಗಿ ಕೊಡುವ ಕಡಿಮೆ ಪ್ರಮಾಣದ ಫ್ಯಾಕ್ಟರ್ ಕೂಡ ಕೀಲುಗಳನ್ನು ಕಾಯುತ್ತದೆಂದು ಭಾರತದ ವೈದ್ಯರೇ ತೋರಿಸಿದ್ದಾರೆ. ‘ಎ’ ಬಗೆಯವರಿಗೆ ರಕ್ತಸ್ರಾವ ತಡೆಯಲು ಚರ್ಮದಡಿ ಚುಚ್ಚುವ ಎಮಿಸಿಜುಮಾಬ್ ಎಂಬ ಔಷಧಿ ಬಂದಿದೆ. ಅದನ್ನು ನಾಲ್ಕು ವಾರಕ್ಕೊಮ್ಮೆ ಕೊಟ್ಟರೂ ನಡೆದೀತು. ಫ್ಯಾಕ್ಟರಿಗೆ ಬೇಕಾದ 2ರಿಂದ 8 ಡಿಗ್ರಿ ತಂಪು ಲಸಿಕೆಯ ಫ್ರಿಜ್ಜಿನಲ್ಲೇ ಇದೆ. ಚಿತ್ತಾಪುರ, ಸೇಡಂ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಸದಾ ದಾಸ್ತಾನು, ತರಬೇತಾದ ಒಬ್ಬ ನರ್ಸ್ ಇರುವಂತೆ ನೋಡಿಕೊಳ್ಳಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹಣ ಕೊಡಬಹುದು.

ಇನ್ನು ಕೆಲಸದ ಮಾತು. ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರವಿದ್ದರೆ ಉನ್ನತ ಶಿಕ್ಷಣದ ಶೇ 5ರ ಮೀಸಲಾತಿ ಹಿಮೋಫಿಲಿಯಾದವರಿಗೂ ಉಂಟು. ಆದರೆ ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿ ಹೇಳುವ, ಅದೇ ಕಾಯ್ದೆಯ 34ನೇ ಕಲಮಿನಲ್ಲಿ ರಕ್ತದ ಕಾಯಿಲೆಗಳೇ ಇಲ್ಲ. ಸುತ್ತಲೂ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳೇ ಇರುವ ಊರಲ್ಲಿ, ಕಲ್ಲು ಹೊರಲಾಗದೆ ಓದಿ ಪದವಿ ಪಡೆದ ಹುಡುಗನನ್ನು ಕಾಯ್ದೆ ಅಲ್ಲಿಗೇ ಕೈಬಿಡುತ್ತದೆ. ಸಂಸತ್ತು ಮೊದಲು ತಿದ್ದಬೇಕಾದದ್ದು ಆ ಕಲಮನ್ನು.